ಬರೆದಂತೆ ನೇಯಿರಿ

ಮಲ್ಲಂದೂರು
3 ಆಗಸ್ಟ್ 2023

ರುದ್ರಪ್ಪ ಮಾಸ್ಟರಿಗೆ ನಮಸ್ಕಾರ,

ನೀವು ಫೋನಿಗೆ ಬರುವುದಿಲ್ಲ ಎಂದು ಗೊತ್ತಿದ್ದೂ ನಿನ್ನೆ ಮಿಲ್ಲಿಗೆ ಮೂರು ಸಲ ಮಾಡಿದೆ. ಕೊನೆಗೆ ಎತ್ತಿದ್ದು ಮ್ಯಾನೇಜರ್ ವೀರೇಂದ್ರ. "ಮಾಸ್ಟರು ಮಗ್ಗ ಬಿಟ್ಟು ಏಳಲ್ಲ ಮೇಡಂ, ನೀವು ಕಾಗದಾನೇ ಹಾಕ್ರಿ" ಎಂದು ನಕ್ಕರು. ನಗಲಿ ಬಿಡಿ. ಫೋಟೋದಲ್ಲಿ ಕಾಣುವ ಕೆಂಪು ಕೆಂಪೇ ಅಲ್ಲ, ನೂಲು ಕೈಗೆ ಸಿಗಬೇಕು ಎಂದು ನನಗೆ ಕಲಿಸಿದವರು ನೀವು. ಆರು ವರ್ಷದಿಂದ ನಾನು ಈ ಕಾಫಿ ತೋಟಗಳ ನಡುವೆ ಕೂತು ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ವಿನ್ಯಾಸ ಬರೆಯುತ್ತೇನೆ, ನೀವು ದಾವಣಗೆರೆಯಲ್ಲಿ ಅದನ್ನು ಬಟ್ಟೆ ಮಾಡುತ್ತೀರಿ. ನಡುವೆ ಓಡಾಡುವುದು ಅಂಚೆ ಲಕೋಟೆ, ಅದರೊಳಗೆ ಪಿನ್ನು ಚುಚ್ಚಿದ ನೂಲಿನ ತುಂಡುಗಳು. ಇಷ್ಟು ವರ್ಷದಲ್ಲಿ ನಾವು ಮುಖ ನೋಡಿದ್ದು ಎರಡೇ ಸಲ!

ಈ ಸಲದ್ದು ಪರದೆಯಲ್ಲ, ಸೋಫಾ ಬಟ್ಟೆಯೂ ಅಲ್ಲ. ಇಲ್ಲಿನ ಎಸ್ಟೇಟ್ ಮಾಲೀಕರು ರೇಣುಕಪ್ರಸಾದ್ ಅವರು ಹಣ್ಣು ಕೊಯ್ಯುವ ಹೆಂಗಸರಿಗೆ ಸೊಂಟಕ್ಕೆ ಕಟ್ಟುವ ಚೀಲ ಮಾಡಿಸುತ್ತಿದ್ದಾರೆ. ಪಾಪ, ಇವರೆಲ್ಲ ಗೊಬ್ಬರದ ಚೀಲ ಕತ್ತರಿಸಿ ಕಟ್ಟಿಕೊಂಡು, ಸೊಂಟದ ಚರ್ಮ ಕಿತ್ತು ಹೋಗುವಷ್ಟು ದುಡಿಯುತ್ತಾರೆ. ದಪ್ಪ ಹತ್ತಿ ಇರಲಿ, ಕಡು ಹಸಿರು. ಅದರ ಮೇಲೆ ಕಾಫಿ ಹಣ್ಣಿನ ಕೆಂಪು ಗೊಂಚಲು. ಹಣ್ಣು ಉಬ್ಬಿ ಕಾಣಲೆಂದು ಕೆಂಪು ಎಳೆಯನ್ನು ನಡುವೆ ಎಲ್ಲೂ ಹೆಣೆಯದೆ ಒಂಬತ್ತು ಎಳೆಗಳ ಮೇಲೆ ಹಾರಿಸಿದ್ದೇನೆ. ಹಾಳೆ ನೋಡಿ ಬೆಚ್ಚಬೇಡಿ. ಜನವರಿಯಲ್ಲಿ ಬೆಂಗಳೂರಿನ ಪ್ರದರ್ಶನಕ್ಕೂ ಇದೇ ಬಟ್ಟೆ ಹೋಗುತ್ತದೆ, ಪ್ರದರ್ಶನದವರು ತಮ್ಮ ಪುಸ್ತಕದ ಮುಖಪುಟಕ್ಕೆ ಇದನ್ನೇ ಕೇಳಿದ್ದಾರೆ.

ಇನ್ನೂರು ಮೀಟರು ಎಂದರೆ ವೀರೇಂದ್ರ ಮೂಗು ಮುರಿಯುತ್ತಾರೆ. ನೀವೇ ಸಮಾಧಾನ ಮಾಡಬೇಕು.

ನಿಮ್ಮ
ಧನ್ಯಾ


ದಾವಣಗೆರೆ
9 ಆಗಸ್ಟ್ 2023

ಮಗಳು ಧನ್ಯಾಳಿಗೆ ಆಶೀರ್ವಾದಗಳು.

ವೀರೇಂದ್ರ ಮೂಗು ಮುರಿದಾಯಿತು, ಒಪ್ಪಿದ್ದೂ ಆಯಿತು. ಹಸಿರು ಸಿಕ್ಕಿದೆ. ಕೆಂಪಿಗೆ ಇನ್ನೆರಡು ದಿನ ಬೇಕು.

ಹಾಳೆ ನೋಡಿ ಬೆಚ್ಚಿದ್ದು ಹೌದು. ಒಂಬತ್ತರ ಮೇಲೆ ಹಾರುವ ಎಳೆ ಪರದೆಗೆ ನಡೆಯುತ್ತದೆ, ಪರದೆ ಕಿಟಕಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಚೀಲ ಹಾಗಲ್ಲ, ಗಿಡಗಳ ನಡುವೆ ನುಗ್ಗುವಂಥದ್ದು. ಅಷ್ಟು ಉದ್ದದ ಸಡಿಲ ಎಳೆಯೊಳಗೆ ಮೋಟು ರೆಂಬೆ ತೂರಿದರೆ ಕೊಕ್ಕೆಗೆ ಸಿಕ್ಕಿದ ಹಾಗೆ ಎಳೆಯುತ್ತದೆ. ಮೂರಕ್ಕೆ ಇಳಿಸಲೇ? ಹಣ್ಣು ತುಸು ಚಪ್ಪಟೆಯಾದೀತು, ಅಷ್ಟೆ.

ನಾನು ಕಾಫಿ ಕುಡಿದವನೇ ಹೊರತು ಕಾಫಿ ತೋಟದಲ್ಲಿ ನಡೆದವನಲ್ಲ. ನೋಡಿದವಳು ನೀನು. ಬೇಕಿದ್ದರೆ ಒಂದು ಮೊಳ ನೇಯ್ದು ಕಳಿಸುತ್ತೇನೆ, ಯಾವುದಾದರೂ ಗಿಡಕ್ಕೆ ಉಜ್ಜಿ ನೋಡಿ ಹೇಳು.

ರುದ್ರಪ್ಪ


ಮಲ್ಲಂದೂರು
14 ಆಗಸ್ಟ್ 2023

ಶ್ರೀ ರುದ್ರಪ್ಪನವರಿಗೆ,

ನಿಮ್ಮ ಕಾಗದ ಬಂತು. ಪ್ರತಿ ಸಲವೂ ಹೀಗೆ ಒಂದಲ್ಲ ಒಂದು ಸಲಹೆ ಬರುತ್ತದೆ. ಮೂರಕ್ಕೆ ಇಳಿಸಿದರೆ ಅದು ಹಣ್ಣಲ್ಲ, ಸೊಳ್ಳೆ ಕಚ್ಚಿದ ಗುರುತು. ವಿನ್ಯಾಸ ಮಾಡುವವಳು ನಾನು, ನೇಯುವವರು ನೀವು. ಇದು ಇಬ್ಬರಿಗೂ ನೆನಪಿದ್ದರೆ ಕೆಲಸ ಹಗುರ. ತುಂಡು ನೇಯ್ದು, ಕಳಿಸಿ, ನೋಡಿ, ಮತ್ತೆ ಬರೆದು ಕೂರಲು ಹೊತ್ತಿಲ್ಲ. ಕೊಯ್ಲು ಶುರುವಾಗುವ ಮೊದಲು ಹೊಲಿಗೆ ಮುಗಿಯಬೇಕು.

ದಯವಿಟ್ಟು ಬರೆದಂತೆ ನೇಯಿರಿ.

ಧನ್ಯಾ


ದಾವಣಗೆರೆ
22 ಸೆಪ್ಟೆಂಬರ್ 2023

ಧನ್ಯಾ ಮೇಡಂ ಅವರಿಗೆ,

ಬರೆದಂತೆ ನೇಯ್ದಿದೆ. ಇನ್ನೂರು ಮೀಟರು, ನಾಲ್ಕು ಸುರುಳಿ, ಇಂದಿನ ಲಾರಿಗೆ ಹಾಕಿದೆ. ತಮ್ಮ ಹಾಳೆಯಲ್ಲಿ ಇರುವುದಕ್ಕಿಂತ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಎಣಿಸಿಕೊಳ್ಳಬಹುದು.

ಇತಿ,
ರುದ್ರಪ್ಪ


ಮಲ್ಲಂದೂರು
26 ನವೆಂಬರ್ 2023

ಮಾಸ್ಟರೇ,

'ಮೇಡಂ', 'ತಮ್ಮ' ಎಂದೆಲ್ಲ ಬರೆದು ತಮಾಷೆ ಮಾಡಿದ್ದೀರಿ. ಬಟ್ಟೆ ನೋಡಿ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಎರಡು ತಿಂಗಳು ಬರೆಯಲಿಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ. ಹೊಲಿಗೆ, ಫೋಟೋ, ಬೆಂಗಳೂರಿನ ಓಡಾಟ, ಉಸಿರಾಡಲು ಬಿಡುವಿರಲಿಲ್ಲ.

ಹೋದ ಸೋಮವಾರ ಕೊಯ್ಲು ಶುರುವಾಯಿತು. ಹಿಂದಿನ ದಿನ ಹೆಂಗಸರಿಗೆಲ್ಲ ಚೀಲ ಹಂಚಿದೆವು. ಇಲ್ಲಿ ಮುತ್ತಮ್ಮ ಎಂದು ಒಬ್ಬರಿದ್ದಾರೆ, ಮೂವತ್ತೊಂದು ವರ್ಷದಿಂದ ಇದೇ ತೋಟದಲ್ಲಿ ಹಣ್ಣು ಕೊಯ್ಯುವವರು. ಕಡಿದಾದ ಜಾಗಕ್ಕೆಲ್ಲ ಗಿರಿ ಮೇಸ್ತ್ರಿ ಮೊದಲು ಅವರನ್ನೇ ಕಳಿಸುವುದು. ಅವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಮದ್ವೆ ಮನೆಗೆ ಕಟ್ಕೊಂಡ್ ಹೋಗೋ ಹಂಗಿದೆ ಕಣ್ರಮ್ಮಾ, ಇದ್ರೊಳಗೆ ಹಣ್ಣು ಸುರಿಯಕ್ಕೆ ಮನ್ಸೇ ಬರಲ್ಲ" ಎಂದರು. ಇಳಿಜಾರಿನಲ್ಲಿ ಬಿಚ್ಚಿಹೋಗಬಾರದೆಂದು ಎರಡು ಗಂಟು ಹಾಕಿ ಕಟ್ಟಿಕೊಂಡರು. ಆ ಫೋಟೋವನ್ನೇ ಮುಖಪುಟಕ್ಕೆ ಕಳಿಸಿದ್ದೇನೆ.

ನೋಡಿದಿರಾ, ಒಂಬತ್ತು ಎಳೆ ಏನೂ ಮಾಡಲಿಲ್ಲ.

ಧನ್ಯಾ


ಮಲ್ಲಂದೂರು
19 ಡಿಸೆಂಬರ್ 2023

ಶ್ರೀ ರುದ್ರಪ್ಪನವರಿಗೆ,

ಒಂದು ಸಣ್ಣ ತೊಂದರೆಯಾಗಿದೆ. ಕಳೆದ ವಾರ ಒಬ್ಬ ಕೆಲಸದಾಕೆ ಇಳಿಜಾರಿನಲ್ಲಿ ಬಿದ್ದು ಕೈಗೆ ಪೆಟ್ಟಾಗಿದೆ. ಕಾಲು ಜಾರಿತೆಂದು ಆಕೆಯೇ ಹೇಳುತ್ತಾಳೆ. ಆದರೂ ಕೆಲವು ಚೀಲಗಳಲ್ಲಿ ಕೆಂಪು ಎಳೆ ಕಿತ್ತು ಹೊರಗೆ ಬಂದಿರುವುದು ಕಂಡಿದೆ. ನೇಯುವಾಗ ಮಗ್ಗದ ಬಿಗಿ ಸರಿಯಾಗಿತ್ತೇ? ರೇಣುಕಪ್ರಸಾದ್ ಅವರು ಕೇಳಿದ್ದಕ್ಕೆ, ಬಟ್ಟೆ ಸ್ವಲ್ಪ ಸಡಿಲವಾಗಿ ಬಂದಿರಬಹುದು ಎಂದಷ್ಟೇ ಹೇಳಿದ್ದೇನೆ. ಅವರು ವೀರೇಂದ್ರರ ಜೊತೆ ಮಾತಾಡಿದ್ದಾರೆ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಂಥದ್ದೆಲ್ಲ ಆಗುತ್ತಿರುತ್ತದೆ.

ಧನ್ಯಾ


ದಾವಣಗೆರೆ
27 ಡಿಸೆಂಬರ್ 2023

ಧನ್ಯಾ ಮೇಡಂ ಅವರಿಗೆ,

ಕಾಗದ ತಲುಪಿತು. ಬಟ್ಟೆ ಸಡಿಲ ಎಂದು ತಾವು ಹೇಳಿದ ಮೇಲೆ ಸಡಿಲವೇ ಇರಬೇಕು. ಮಿಲ್ಲಿನಲ್ಲಿ ನಾನೂ ಹಾಗೇ ಒಪ್ಪಿಕೊಂಡಿದ್ದೇನೆ.

ಈ ವಾರದಿಂದ ನನ್ನನ್ನು ಬಟ್ಟೆ ಮಡಿಸುವ ಕಡೆಗೆ ಹಾಕಿದ್ದಾರೆ. ನಾನು ಕೂರುತ್ತಿದ್ದ, ಹೊಸ ವಿನ್ಯಾಸ ನೇಯುವ ಮಾದರಿ ಮಗ್ಗಕ್ಕೆ ಬೇರೆಯವರು ಬಂದಿದ್ದಾರೆ. ತಮ್ಮ ಹಾಳೆಗಳನ್ನು ಇನ್ನು ಮುಂದೆ ಅವರ ಹೆಸರಿಗೆ ಕಳಿಸಿದರೆ ಅನುಕೂಲ. ನನಗೆ ಏನಾದರೂ ತಿಳಿಸುವುದಿದ್ದರೆ ಮನೆ ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಪೆಟ್ಟಾದವರು ಈಗ ಹೇಗಿದ್ದಾರೆ?

ರುದ್ರಪ್ಪ


ಮಲ್ಲಂದೂರು
25 ಫೆಬ್ರವರಿ 2024

ಮಾಸ್ಟರಿಗೆ,

ಎರಡು ತಿಂಗಳಲ್ಲಿ ನಿಮಗೆ ಆರು ಕಾಗದ ಬರೆದು ಹರಿದಿದ್ದೇನೆ. ಇದನ್ನು ಓದಿ ನೋಡದೆ ಹಾಗೇ ಅಂಟಿಸಿ ಹಾಕುತ್ತೇನೆ, ಇಲ್ಲದಿದ್ದರೆ ಇದೂ ಹೋಗುವುದಿಲ್ಲ.

ಬಟ್ಟೆ ಸಡಿಲವಾಗಿರಲಿಲ್ಲ. ನಾನು ಹೇಳಿದ್ದು ಸುಳ್ಳು.

ಆ ದಿನ ರೇಣುಕಪ್ರಸಾದ್ ಅವರು ಜಗುಲಿಯ ಮೇಲೆ ಕೂತಿದ್ದರು. ಕೈಯಲ್ಲಿ ಎಳೆ ಕಿತ್ತ ಚೀಲ. "ಇದೇನಮ್ಮಾ ಧನ್ಯಾ, ಹಿಂಗಾಗ್ಬಿಟ್ಟಿದೆ?" ಎಂದರು. ಬೈಯಲೂ ಇಲ್ಲ, ಜೋರಾಗಿ ಕೇಳಲೂ ಇಲ್ಲ. ನನಗೆ ನಿಮ್ಮ ಆಗಸ್ಟಿನ ಕಾಗದ ಅಕ್ಷರಕ್ಕೆ ಅಕ್ಷರ ನೆನಪಾಯಿತು. ನೆನಪಾದ ಗಳಿಗೆಯಲ್ಲೇ ಬಾಯಿ, "ಮಿಲ್ಲಿನವರು ಸಡಿಲ ನೇಯ್ದಿದ್ದಾರೆ ಸರ್" ಎಂದುಬಿಟ್ಟಿತು. ಬಾಯಿ ಅಂದಿತು ಎನ್ನುವುದೂ ಸುಳ್ಳೇ, ಅಂದವಳು ನಾನು. ಅವರು ನನ್ನೆದುರಿಗೇ ವೀರೇಂದ್ರರಿಗೆ ಫೋನು ಮಾಡಿದರು. "ಯಾರ್ರೀ ಅದನ್ನ ನೇಯ್ದಿದ್ದು?" ಎಂದು ಕೇಳಿದರು. ನಿಮ್ಮ ಹೆಸರು ಫೋನಿನೊಳಗಿಂದ ನನಗೂ ಕೇಳಿಸಿತು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಕೊನೆಗೆ ಆ ಕಾಫಿಯನ್ನೂ ಕುಡಿದು ಬಂದೆ.

ಜನವರಿಯಲ್ಲಿ ಬೆಂಗಳೂರಿಗೂ ಹೋದೆ. ಮುಖಪುಟದ ಫೋಟೋ ಗೋಡೆಯಷ್ಟು ದೊಡ್ಡದು ಮಾಡಿ ಹಾಕಿದ್ದರು. ಜನ ಬಂದು ಕೈ ಕುಲುಕಿದರು. ಒಬ್ಬಾಕೆ, ಈ ಹೆಂಗಸಿನ ನಗು ಎಷ್ಟು ಚೆನ್ನಾಗಿದೆ, ಯಾರಿವರು ಎಂದು ಕೇಳಿದರು. ನಮ್ಮೂರಿನವರು ಎಂದೆ. ನಾಚಿಕೆಯಿಂದ ಸಾಯುವ ಹಾಗಾಯಿತು ಎಂದು ಬರೆಯಬಹುದಿತ್ತು, ಆದರೆ ಆಗಲಿಲ್ಲ. ಊಟ ಮಾಡಿದೆ, ಮೂರು ದಿನ ಇದ್ದೆ. ನಾಚಿಕೆ ಶುರುವಾದದ್ದು ಊರಿಗೆ ಬಂದ ಮೇಲೆ. ಈಗ ಎಸ್ಟೇಟಿನ ಮುಂದೆ ಹೋಗಬೇಕಾದರೆ ಸುತ್ತು ಹಾಕಿ ಕೆಳಗಿನ ದಾರಿಯಲ್ಲಿ ಹೋಗುತ್ತೇನೆ. ಗ್ರಾಫ್ ಹಾಳೆಯ ಮುಂದೆ ಕೂತರೆ ಕೈ ಓಡುವುದಿಲ್ಲ. ಮಿಲ್ಲಿಗೆ ಒಂದು ಹಾಳೆಯನ್ನೂ ಕಳಿಸಿಲ್ಲ.

'ಬರೆದಂತೆ ನೇಯಿರಿ' ಎಂದು ನಾನು ಸಹಿ ಹಾಕಿದ ಕಾಗದ ನಿಮ್ಮ ಹತ್ತಿರ ಇದೆ. ನೀವು ಕಾಗದ ಬಿಸಾಡುವವರಲ್ಲ. ಅದನ್ನು ವೀರೇಂದ್ರರಿಗೆ ತೋರಿಸಿದ್ದರೆ ನೀವು ಇವತ್ತೂ ನಿಮ್ಮ ಮಗ್ಗದ ಮುಂದೆ ಇರುತ್ತಿದ್ದಿರಿ. ತೋರಿಸಲಿಲ್ಲ. ನನ್ನ ಮಾನ ಕಾಪಾಡಿದಿರಿ. ನಿಮ್ಮ ದೊಡ್ಡತನದ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನನ್ನನ್ನು ಕ್ಷಮಿಸಿ ಮಾಸ್ಟರೇ. ಕ್ಷಮಿಸುವುದಿಲ್ಲ ಎಂದರೂ ಎರಡು ಸಾಲು ಬರೆಯಿರಿ.

ಧನ್ಯಾ


ದಾವಣಗೆರೆ
4 ಮಾರ್ಚ್ 2024

ಧನ್ಯಾ,

'ಮೇಡಂ' ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಆದ್ದರಿಂದ ಹಳೆಯ ಹಾಗೇ ಬರೆಯುತ್ತೇನೆ.

ನನ್ನನ್ನು ದೊಡ್ಡವನು ಮಾಡಬೇಡ ಮಾರಾಯ್ತಿ. ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ನೀನು ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆರು ವರ್ಷದಲ್ಲಿ ನೀನು ಕಳಿಸಿದ ಒಂದು ಹಾಳೆಯನ್ನೂ ನಾನು ಬರೆದಂತೆ ನೇಯ್ದಿಲ್ಲ. ನಿನ್ನ ಕಣ್ಣು ಚೆನ್ನಾಗಿದೆ, ಬಣ್ಣ ಚೆನ್ನಾಗಿ ಕೂಡಿಸುತ್ತೀಯ. ಆದರೆ ಎಳೆ ಹಾರಿಸುವ ಚಪಲ ನಿನಗೆ ಮೊದಲಿನಿಂದಲೂ ಇದೆ. ಹಾರಿದ ಎಳೆಯ ನಡುವೆ ಅದೇ ಬಣ್ಣದ ಒಂದು ಸಣ್ಣ ನೂಲು ಕೊಟ್ಟು ಕೆಳಕ್ಕೆ ಕಟ್ಟಿಬಿಡುತ್ತಿದ್ದೆ. ಭೂತಗನ್ನಡಿ ಹಿಡಿಯದಿದ್ದರೆ ಕಾಣುವುದಿಲ್ಲ. ಮಾದರಿ ಮಗ್ಗದವರೆಲ್ಲ ಹೀಗೆ ಮಾಡುತ್ತೇವೆ. ಹಾಳೆ ಬರೆದವರಿಗೆ ಹೇಳುವುದಿಲ್ಲ. ಹೇಳಿದರೆ ಅವರಿಗೆ ಬೇಸರ, ಹೇಳದಿದ್ದರೆ ಬಟ್ಟೆಗೆ ಒಳ್ಳೆಯದು. ನಿನ್ನ ಬಟ್ಟೆ ಗಟ್ಟಿ ಬರುತ್ತದೆ ಎಂದು ಹೊರಗೆ ಹೆಸರಾದಾಗ ನನಗೆ ಒಳಗೊಳಗೇ ಖುಷಿ.

ಈ ಸಲವೂ ಕಟ್ಟಿಬಿಡುತ್ತಿದ್ದೆ, ಕೇಳುವ ಅಗತ್ಯವೇ ಇರಲಿಲ್ಲ. ಇದು ಪರದೆಯಲ್ಲ, ಮನುಷ್ಯರು ಮೈಗೆ ಕಟ್ಟಿಕೊಂಡು ಗಿಡಕ್ಕೆ ನುಗ್ಗುವಂಥದ್ದು, ಅದಕ್ಕೇ ಕೇಳಿದೆ. ನಿನ್ನ ಉತ್ತರ ಬಂತು. ಓದಿ ಮೈಯೆಲ್ಲ ಉರಿದುಹೋಯಿತು. ಮೂವತ್ತೆಂಟು ವರ್ಷ ನೂಲು ಹಿಡಿದವನಿಗೆ ಯಾರ ಕೆಲಸ ಯಾವುದು ಎಂದು ಹೇಳಿಕೊಡುತ್ತಾಳಲ್ಲ ಎನ್ನಿಸಿತು. ಆಗಲಿ, ಈ ಸಲ ಬರೆದಂತೆಯೇ ನೇಯುತ್ತೇನೆ, ಅವಳ ಬಟ್ಟೆ ಎಂಥದ್ದೆಂದು ಅವಳೇ ನೋಡಲಿ ಎಂದುಕೊಂಡೆ. ಕಟ್ಟುವ ನೂಲಿನ ಉಂಡೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಇನ್ನೂರು ಮೀಟರು ಮುಗಿಯುವ ತನಕ ಅದನ್ನು ಮುಟ್ಟಲಿಲ್ಲ. ಎಣಿಸಿಕೊಳ್ಳಬಹುದು ಎಂದು ನಿನಗೆ ಬರೆದದ್ದು ಹೆಮ್ಮೆಯಿಂದ ಅಲ್ಲ, ಹಟದಿಂದ.

ಎಳೆ ಕಿತ್ತು ಬರುತ್ತದೆ, ನಿನಗೆ ಮುಖಭಂಗವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಒಬ್ಬ ಹೆಂಗಸು ಬೀಳುತ್ತಾಳೆ ಎಂದು ಹಾಕಿರಲಿಲ್ಲ. ಹಾಕಬೇಕಿತ್ತು. ರೆಂಬೆ ಕೊಕ್ಕೆಯಂತೆ ಎಳೆಯುತ್ತದೆ ಎಂದು ಬರೆದವನು ನಾನೇ ಅಲ್ಲವೇ?

ನಿನ್ನ ಕಾಗದ ಯಾಕೆ ತೋರಿಸಲಿಲ್ಲ ಎಂದರೆ ಇದಕ್ಕೇ. ಅದನ್ನು ತೋರಿಸಿದರೆ ಅದರ ಹಿಂದಿನ ನನ್ನ ಕಾಗದದ ಮಾತೂ ಬರುತ್ತಿತ್ತು. ಅಪಾಯ ಗೊತ್ತಿದ್ದೂ ಯಾಕೆ ನೇಯ್ದೆ ಮಾಸ್ಟರೇ ಎಂದು ಕೇಳಿದ್ದರೆ ಏನು ಹೇಳಲಿ? ಸಿಟ್ಟು ಬಂದಿತ್ತು ಎನ್ನಲೇ? ಅದಕ್ಕಿಂತ ಕೈ ತಪ್ಪಿ ಸಡಿಲವಾಯಿತು ಎಂದು ಒಪ್ಪಿಕೊಳ್ಳುವುದು ಸುಲಭ. ಕೈ ತಪ್ಪಿದವನನ್ನು ಜನ ಕ್ಷಮಿಸುತ್ತಾರೆ. ನಾನು ಕಾಪಾಡಿಕೊಂಡದ್ದು ನನ್ನ ಮಾನವನ್ನು.

ಇನ್ನೊಂದು ಮಾತು. ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನವೆಂಬರಿನದರಲ್ಲಿ ಮುತ್ತಮ್ಮ ಎಂದು ಬರೆದಿದ್ದೀಯ, ಅವರ ಮಾತು ಬರೆದಿದ್ದೀಯ. ಡಿಸೆಂಬರಿನಲ್ಲಿ 'ಒಬ್ಬ ಕೆಲಸದಾಕೆ' ಎಂದಿದೆ. ಈಗಿನ ಕಾಗದದಲ್ಲಿ ಬರೀ 'ನಮ್ಮೂರಿನವರು' ಎಂದಿದೆ. ಬಿದ್ದವರು ಆ ಮುತ್ತಮ್ಮನೇ ಎಂದು ನನಗೆ ಅನ್ನಿಸುತ್ತಿದೆ. ಹೌದಾದರೆ ಅವರ ಕೈ ಏನಾಯಿತು? ನೀನು ಒಂದು ಸಾಲೂ ಬರೆದಿಲ್ಲ.

ನೀನು ನನ್ನ ಕ್ಷಮೆ ಕೇಳಿದೆ, ನಾನು ನಿನ್ನ ಕ್ಷಮೆ ಕೇಳುತ್ತಿದ್ದೇನೆ. ಹೀಗೆ ನಾವಿಬ್ಬರೂ ಅಂಚೆಯಲ್ಲಿ ಕ್ಷಮೆ ಹಂಚಿಕೊಂಡು ಹಗುರಾಗಿಬಿಡಬಹುದು. ಅವರಿಗೆ ಯಾರಾದರೂ ಹೇಳಿದ್ದಾರೆಯೇ?

ರುದ್ರಪ್ಪ


ಮಲ್ಲಂದೂರು
15 ಮಾರ್ಚ್ 2024

ಮಾಸ್ಟರಿಗೆ,

ಬಿದ್ದವರು ಮುತ್ತಮ್ಮನೇ. ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ಒಂದೂವರೆ ತಿಂಗಳಾಯಿತು, ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಇಷ್ಟನ್ನೂ ನಾನು ತಿಳಿದದ್ದು ಮೊನ್ನೆ.

ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲು ರೇಣುಕಪ್ರಸಾದ್ ಅವರ ಹತ್ತಿರ ಹೋದೆ. ನಿಮ್ಮ ಎರಡು ಕಾಗದ, ನನ್ನದರ ನಕಲು, ಎಲ್ಲ ಮುಂದಿಟ್ಟೆ. ನಕಲು ಇಟ್ಟುಕೊಳ್ಳುವ ಅಭ್ಯಾಸ ನನಗಿದೆ, ಅದು ಇಷ್ಟು ದಿನ ನನ್ನ ಮೇಜಿನಲ್ಲೇ ಇತ್ತು. ಅವರು ಓದಿ, ಕನ್ನಡಕ ತೆಗೆದು, "ನೀನು ಹಿಂಗ್ ಮಾಡ್ತೀಯ ಅಂತ ಅನ್ಕೊಂಡಿರ್ಲಿಲ್ಲ ಕಣಮ್ಮಾ" ಎಂದರು, ಅಷ್ಟೆ. ನನ್ನೆದುರಿಗೇ ವೀರೇಂದ್ರರಿಗೆ ಫೋನು ಮಾಡಿದರು. ವೀರೇಂದ್ರ 'ನೋಡೋಣ' ಎಂದಿದ್ದಾರೆ. ನಿಮ್ಮ ಮಗ್ಗ ನಿಮಗೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಕಾಗದ ತೋರಿಸಿದ್ದರಿಂದ ನಿಮಗೆ ಕೆಟ್ಟದ್ದೂ ಆಗಬಹುದು. ಕೇಳದೆ ತೋರಿಸಿದೆ.

ಅಲ್ಲಿಂದ ತೋಟದ ಕೆಲಸದವರು ಸಾಲಾಗಿ ಇರುವ ಲೈನ್ ಮನೆಗೆ ಹೋದೆ. ಮುತ್ತಮ್ಮ ಬಾಗಿಲಲ್ಲಿ ಕೂತು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗಾಬರಿಯಾಗಿ ಎದ್ದರು. "ಅಮ್ಮಾ, ನಾನೇ ಬರ್ಬೇಕಿತ್ತು, ಮುಖ ತೋರ್ಸಕ್ಕೆ ಆಗ್ಲಿಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಆ ಚೀಲ ತಂದರು. ಒಗೆದು, ಕಿತ್ತ ಜಾಗಕ್ಕೆಲ್ಲ ಎಡಗೈಯಲ್ಲಿ ಸೂಜಿ ಹಿಡಿದು ಹೊಲಿಗೆ ಹಾಕಿದ್ದರು. "ಅಷ್ಟು ಚಂದದ್ ಚೀಲ ಕೊಟ್ಟಿದ್ರಿ, ಒಂದ್ ತಿಂಗ್ಳು ಇಟ್ಕೊಳ್ಳೋ ಯೋಗ್ತೆ ಇಲ್ಲ ನಂಗೆ. ಹರ್ದು ಹಾಕ್ಬಿಟ್ಟೆ. ಬೈಬೇಡಿ."

ಮಾಸ್ಟರೇ, ನಾನು ಎಸ್ಟೇಟನ್ನು ತಪ್ಪಿಸಿ ಸುತ್ತು ಹಾಕಿ ಓಡಾಡುತ್ತಿದ್ದ ಅಷ್ಟೂ ದಿನ ಅವರು ನನ್ನ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದರು.

ಕೂತು ಎಲ್ಲ ಹೇಳಿದೆ. ಎಳೆಯ ಮಾತು ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಚೀಲದ ಹಣ್ಣಿನೊಳಗೆ ಬೆರಳು ತೂರಿಸಿ ಎಳೆದು ನೋಡಿ, "ಹೌದು, ಹಿಂಗೇ ಹಿಡ್ಕಂತು. ಮೋಟಿಗೆ ಸಿಕ್ಕಿ ಹಿಂದಕ್ ಎಳೀತು. ಗಂಟು ಬಿಚ್ಲಿಲ್ಲ" ಎಂದರು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, "ಹಂಗಾದ್ರೆ ನನ್ ತಪ್ಪಲ್ವಾ?" ಎಂದು ಕೇಳಿದರು.

ಅಲ್ಲ ಎಂದೆ.

"ಕಾಲು ಜಾರಿದ್ದಲ್ವಾ?"

ಅಲ್ಲ ಎಂದೆ.

ಕಾಲು ಜಾರಿತು ಎಂದು ಅವರು ಹೇಳಿದ್ದು ಯಾಕೆಂದರೆ, ಗಿರಿ ಮೇಸ್ತ್ರಿ ಓಡಿ ಬಂದವನೇ ಹಾಗೆ ಹೇಳಿದನಂತೆ. ಅವನು ಹೇಳಿದ ಮೇಲೆ ಹಾಗೇ ಇರಬೇಕು ಎಂದುಕೊಂಡರಂತೆ. "ವಯಸ್ಸಾಯ್ತು ಮುತ್ತಮ್ಮ, ಇನ್ ಇಳಿಜಾರಿಗೆ ನಿನ್ನ ಕಳ್ಸಲ್ಲ" ಎಂದನಂತೆ. ಕಣ್ಣು ಎಲ್ಲಿಟ್ಟಿದ್ದೆ ಎಂದು ಮಗ ಬೈದನಂತೆ. ಸೊಸೆ ನೀರಿನ ಕೊಡ ಮುಟ್ಟಲೂ ಬಿಡುವುದಿಲ್ಲವಂತೆ, ಮತ್ತೆ ಬೀಳುತ್ತಾರೆ ಎಂದು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬೀಳದವರು, ಮೂರು ತಿಂಗಳಿಂದ ಅಂಗಳ ದಾಟುವಾಗಲೂ ಗೋಡೆ ಹಿಡಿದು ನಡೆಯುತ್ತಿದ್ದಾರೆ. ಕಾಲಿಗೆ ಏನೂ ಆಗಿಲ್ಲ. ಕಾಲಿನ ಮೇಲೆ ನಂಬಿಕೆ ಹೋಗಿದೆ.

ಸೊಸೆಯನ್ನು ಕೂಗಿದರು. "ಇಲ್ಲಿ ಬಾರೇ. ಇವ್ರು ಹೇಳೋದ್ ಕೇಳು" ಎಂದರು. ನನ್ನ ಕಡೆ ತಿರುಗಿ, "ಹೇಳಿ" ಎಂದರು. ಹೇಳಿದೆ. ಮಗ ಬಂದ. "ಹೇಳಿ" ಎಂದರು. ಹೇಳಿದೆ. ಗಿರಿಯನ್ನೂ ಕರೆಸಿದರು. ನಾಲ್ಕನೇ ಸಲ ಹೇಳುವಾಗ ಅವರು ನಡುವೆ ನೀರು ಕೊಟ್ಟು ಮುಂದಕ್ಕೆ ಹೇಳಿಸಿದರು. ಕ್ಷಮಿಸಿದೆ ಎಂದು ಒಂದು ಸಲವೂ ಅನ್ನಲಿಲ್ಲ. ನಾನು ಕೇಳಿದಾಗ, "ಅದೆಲ್ಲ ಆಮೇಲ್ ನೋಡಾಣ" ಎಂದರು.

ನಿಮ್ಮ ಸಿಟ್ಟಿನ ಕಥೆಯನ್ನೂ ಹೇಳಲು ಹೋದೆ. ನಡುವೆಯೇ ತಡೆದರು. "ಅವ್ರದ್ ಪಾಲು ನೀವ್ಯಾಕ್ ಹೇಳ್ತೀರಿ? ಅವ್ರಿಗ್ ಬಾಯಿಲ್ವಾ?" ಎಂದರು.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಇಪ್ಪತ್ತನಾಲ್ಕಕ್ಕೆ, ಲೈನಿನವರೆಲ್ಲ ಮನೆಯಲ್ಲಿರುತ್ತಾರಂತೆ. ಚಿಕ್ಕಮಗಳೂರಿಗೆ ಬೆಳಗಿನ ಬಸ್ಸಿಗೆ ಬನ್ನಿ, ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಕಾಗದ ಬರೆದು ಕಳಿಸಿದರೆ ಆಗುವುದಿಲ್ಲ, ಮುತ್ತಮ್ಮನಿಗೆ ಓದಲು ಬರುವುದಿಲ್ಲ. ಓದಿ ಹೇಳಲು ನಾನು ಒಪ್ಪುವುದಿಲ್ಲ.

ಧನ್ಯಾ